ಎರಡು ನಿಮಿಷ ನಲವತ್ತು ಸೆಕೆಂಡಿನ ಅನುವಾದ

ನಮ್ಮ ನಿರೂಪಕ ಮಹಾಶಯರು ಯಾವ ಮಾತನ್ನಾದರೂ "ಇದಕ್ಕೆ ಮೂರು ಕಾರಣಗಳಿವೆ" ಎಂದೇ ಶುರುಮಾಡುತ್ತಿದ್ದರು. ಎರಡು ಹೇಳಿ ಮುಗಿಸುವಷ್ಟರಲ್ಲಿ ಮೂರನೆಯದು ಮರೆತುಹೋಗಿರುತ್ತಿತ್ತು. ಆಗ ಗದ್ದವೆತ್ತಿ ದೂರಕ್ಕೆ ನೋಡುತ್ತಾ ನಿಲ್ಲುವರು. ಆ ಮೌನವನ್ನು ಕತ್ತರಿಸಿ ತೆಗೆದು, ಆ ಜಾಗದಲ್ಲಿ ಪರದೆಯ ಮೇಲೆ ಒಂದು ಟ್ರಾಮ್ ಓಡಿಸಿ, ಅವರು ಮೂರೂ ಕಾರಣ ಬಲ್ಲವರೆಂಬಂತೆ ಕಾಣಿಸುವುದು ನನ್ನ ಕೆಲಸವಾಗಿತ್ತು. ನಾನು ಸಾಕ್ಷ್ಯಚಿತ್ರಗಳ ಸಂಕಲನಕಾರ್ತಿ. ಲಂಡನ್ನಿನಲ್ಲಿ ಒಲಿಂಪಿಕ್ಸ್ ಮುಗಿದ ಮುಂದಿನ ಚಳಿಗಾಲದ ಹತ್ತು ವಾರ ಈ ಮನುಷ್ಯನನ್ನು ಬುದ್ಧಿವಂತನನ್ನಾಗಿ ಮಾಡುವುದರಲ್ಲಿ ಕಳೆದೆ.

ಚಿತ್ರ ಒಂದು ಗಂಟೆಯದು. ಕಮ್ಯುನಿಸಂ ಬಿಟ್ಟ ಪೂರ್ವ ಯುರೋಪಿನ ದೇಶಗಳು ಮಾರುಕಟ್ಟೆಯ ಆರ್ಥಿಕತೆಗೆ ಹೊರಳಿ ಇಪ್ಪತ್ತು ವರ್ಷವಾಯಿತು, ಏನಾಯಿತು ನೋಡೋಣ ಎಂಬುದು ವಿಷಯ. ಪೋಲೆಂಡ್, ಲಾಟ್ವಿಯಾ, ಬಲ್ಗೇರಿಯ ಮೂರೂ ಕಡೆ ಚಿತ್ರೀಕರಣ ಮುಗಿದಿತ್ತು. ನಿರೂಪಕರು ಬರೀ ನಿರೂಪಕರಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಇವೇ ದೇಶಗಳಿಗೆ ಬ್ರೀಫ್‌ಕೇಸ್ ಹಿಡಿದು ಹೋಗಿ, ಕಾರ್ಖಾನೆಗಳನ್ನು ಹೇಗೆ ಖಾಸಗಿಯವರಿಗೆ ಕೊಡಬೇಕು ಎಂದು ಸಲಹೆ ಹೇಳಿಬಂದ ತಜ್ಞರು. ಈಗ ತಾವು ನೆಟ್ಟ ಗಿಡ ಎಷ್ಟು ಎತ್ತರ ಬೆಳೆದಿದೆ ಎಂದು ನೋಡಲು ಹೊರಟಿದ್ದರು. ಪರೀಕ್ಷೆ ಬರೆದವನೇ ಪತ್ರಿಕೆ ತಿದ್ದುವ ಈ ಏರ್ಪಾಡು ಯಾರಿಗೂ ವಿಚಿತ್ರವೆನಿಸಿರಲಿಲ್ಲ. ನಿರ್ಮಾಪಕಿ ಇದನ್ನು "ಒಬ್ಬ ಮನುಷ್ಯನ ಪಯಣ" ಎನ್ನುತ್ತಿದ್ದಳು. ಆಕೆ ಎಲ್ಲವನ್ನೂ ಪಯಣ ಎನ್ನುತ್ತಿದ್ದಳು. ಹಿಂದಿನ ವರ್ಷ ಅಡುಗೆಮನೆ ನವೀಕರಣದ ಕಾರ್ಯಕ್ರಮ ಮಾಡಿದಾಗ ಸಿಂಕ್ ಕೂಡ ಒಂದು ಪಯಣದಲ್ಲಿತ್ತು.

ನಿರ್ದೇಶಕ ಮೂವತ್ತು ದಾಟದ ಹುಡುಗ. ಲಂಡನ್ನಿನ ಹೊರವಲಯದ ಕೆಂಟನ್ನಿನಲ್ಲಿ ಹುಟ್ಟಿ ಬೆಳೆದ ಕುಂದಾಪುರದ ಸಂಸಾರದವನು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮೊದಲ ದಿನ ನನ್ನನ್ನು ಆಂಟಿ ಎಂದ. ಕೆಲಸದ ಜಾಗದಲ್ಲಿ ಅದು ಬೇಡ ಎಂದೆ. ಅಕ್ಕ ಎನ್ನತೊಡಗಿದ. ಒಳ್ಳೆಯ ಕಣ್ಣಿತ್ತು ಅವನಿಗೆ, ಒಳ್ಳೆಯ ಕಿವಿಯೂ ಇತ್ತು, ಬೆನ್ನುಮೂಳೆಯೊಂದನ್ನು ಮಾತ್ರ ಯಾರೂ ಜೋಡಿಸಿರಲಿಲ್ಲ. ಇದು ಅವನ ಮೊದಲ ದೊಡ್ಡ ಚಿತ್ರ, ಆದ್ದರಿಂದ ನಿರೂಪಕರು ಏನು ಹೇಳಿದರೂ ಅವನ ತಲೆ ಹೌದೆಂದು ಆಡುತ್ತಿತ್ತು.

ಎಜ್‌ವೇರ್‌ನಲ್ಲಿ ನನ್ನ ಮನೆ. ಬೆಳಿಗ್ಗೆ ಟ್ಯೂಬ್ ರೈಲು ಹತ್ತಿ, ಕೊನೆಯ ನಿಲ್ದಾಣದ ಸೌಭಾಗ್ಯವೆಂದರೆ ಸೀಟು ಸಿಗುವುದು, ಅರ್ಧ ಗಂಟೆ ಕೂತು ಮಧ್ಯ ಲಂಡನ್ನಿನ ಒಂದು ನೆಲಮಾಳಿಗೆಗೆ ಇಳಿಯುತ್ತಿದ್ದೆ. ಅಲ್ಲಿ ಎರಡು ಮಾನಿಟರ್, ಒಂದು ಸೋಫಾ. ಸೋಫಾ ಇರುವುದು ಹಿಂದೆ ಕೂತು "ಇಲ್ಲಿ ಏನೋ ಕಡಿಮೆಯಾಗಿದೆ" ಎನ್ನುವವರಿಗೆ.

ಮೊದಲ ಮೂರು ವಾರ ಗುಮಾಸ್ತೆಯ ಕೆಲಸ. ಹಾರ್ಡ್ ಡ್ರೈವ್‌ಗಳನ್ನು ಎರಡೆರಡು ಪ್ರತಿ ಮಾಡಿಡಬೇಕು. ಚಿತ್ರ ಒಂದು ಯಂತ್ರದಲ್ಲಿ, ಧ್ವನಿ ಇನ್ನೊಂದರಲ್ಲಿ ದಾಖಲಾಗಿರುತ್ತದೆ. ಕ್ಲ್ಯಾಪ್ ಹೊಡೆದ ಶಬ್ದವನ್ನೂ ಹಲಗೆ ಮುಚ್ಚಿದ ಆ ಒಂದು ಫ್ರೇಮಿನ ಚೌಕಟ್ಟನ್ನೂ ಹುಡುಕಿ ಎರಡನ್ನೂ ಹೊಂದಿಸಬೇಕು. ಆಮೇಲೆ ಪ್ರತಿ ಶಾಟ್ ನೋಡಿ, ಯಾವ ನಿಮಿಷದಲ್ಲಿ ಏನಿದೆ ಎಂದು ಬರೆದಿಡಬೇಕು. ಈ ಕೆಲಸವನ್ನು ಸಹಾಯಕರಿಗೆ ಬಿಡುವವರಿದ್ದಾರೆ. ನಾನು ಬಿಡುವುದಿಲ್ಲ. ಕ್ಲ್ಯಾಪ್ ಹೊಡೆಯುವ ಮೊದಲು, ಕ್ಯಾಮೆರಾ ಓಡುತ್ತಿದೆ ಎಂದು ಯಾರಿಗೂ ನೆನಪಿಲ್ಲದ ಆ ಹತ್ತು ಸೆಕೆಂಡುಗಳಲ್ಲಿ ಜನ ತಮ್ಮ ನಿಜವಾದ ಮುಖದಲ್ಲಿರುತ್ತಾರೆ.

ಹಾಗೆ ನೋಡುತ್ತಾ ಹೋದಾಗ ಸಿಕ್ಕವಳು ಬಲ್ಗೇರಿಯದ ಗಿರಣಿಯ ಹೆಂಗಸು. ಉತ್ತರದ ಸಣ್ಣ ಊರೊಂದರಲ್ಲಿ ಮುಚ್ಚಿಹೋದ ಹತ್ತಿಗಿರಣಿ. ಒಳಗೆ ಒಂದೂ ಯಂತ್ರವಿಲ್ಲ. ಕಿಟಕಿಗೆ ಗಾಜಿಲ್ಲ. ನೆಲದಲ್ಲಿ ಯಂತ್ರ ಕೂರಿಸಿದ್ದ ಬೋಲ್ಟಿನ ಗುಳಿಗಳು ಸಾಲಾಗಿವೆ. ಅರುವತ್ತರ ಆಸುಪಾಸಿನ ಹೆಂಗಸು, ಹಿಂದೆ ಅಲ್ಲಿ ಪಾಳಿಯ ಮೇಲ್ವಿಚಾರಕಿಯಾಗಿದ್ದವಳು, ಒಂದು ತೆಳು ಸ್ವೆಟರ್ ಹಾಕಿ ನಿಂತಿದ್ದಾಳೆ. ಚಳಿಗೆ ಹಲ್ಲು ಕಟಕಟ ಎನ್ನುತ್ತಿದೆ, ಆ ಶಬ್ದ ಮೈಕಿಗೆ ಬೀಳುತ್ತಿದೆ. ಧ್ವನಿ ದಾಖಲಿಸುವವನು ಬೈದುಕೊಳ್ಳುತ್ತಾ ಬಂದು ತನ್ನ ಮೈಮೇಲಿನ ದಪ್ಪ ನೀಲಿ ಕೋಟನ್ನು ಕಳಚಿ ಆಕೆಯ ಹೆಗಲಿಗೆ ಹೊದಿಸುತ್ತಾನೆ. ಆಕೆ ಏನೋ ಹೇಳುತ್ತಾಳೆ, ಅವನು ಕೈ ಆಡಿಸುತ್ತಾನೆ. ಆಮೇಲೆ ಕ್ಲ್ಯಾಪ್.

ಸಂದರ್ಶನ ನಡೆದದ್ದು ಸ್ಥಳೀಯ ಸಹಾಯಕನೊಬ್ಬನ ಮೂಲಕ. ನಮ್ಮ ಕಸುಬಿನಲ್ಲಿ ಇಂಥವರಿಗೆ ಫಿಕ್ಸರ್ ಎನ್ನುತ್ತಾರೆ: ಜನರನ್ನು ಹುಡುಕಿಕೊಡುವುದು, ಕಾರು ಗೊತ್ತುಮಾಡುವುದು, ಭಾಷಾಂತರ ಎಲ್ಲ ಅವರದೇ. ನಿರೂಪಕರು ಇಂಗ್ಲಿಷಿನಲ್ಲಿ ಕೇಳಿದರು, ಅವನು ಬಲ್ಗೇರಿಯನ್‌ನಲ್ಲಿ ಹೇಳಿದ, ಆಕೆ ಉತ್ತರಿಸಿದಳು, ಅವನು ಇಂಗ್ಲಿಷಿಗೆ ತಂದ: "ನೀವು ಮತ್ತೆ ಬಂದದ್ದು ನಮಗೆಲ್ಲ ಗೌರವ ಅಂತಿದ್ದಾರೆ. ಮೊದಲು ಕಷ್ಟವಿತ್ತಂತೆ, ಈಗ ಪರವಾಗಿಲ್ಲವಂತೆ." ಲಿಖಿತ ಅನುವಾದದ ಹಾಳೆಯಲ್ಲಿಯೂ ಅಷ್ಟೇ ಇತ್ತು.

ನಾನು ಅದನ್ನು ನಂಬಿದೆ. ಇದನ್ನು ಮುಚ್ಚಿಡುವ ಹಾಗಿಲ್ಲ. ಮೊದಲ ಜೋಡಣೆಯಲ್ಲಿ ಆಕೆಯ ಮುಖದ ಮೇಲೆ ಪಿಯಾನೊ ಹಾಕಿ, "ಗೌರವ" ಎಂಬ ಮಾತು ಬರುವಾಗ ನಿರೂಪಕರ ನಗುಮುಖಕ್ಕೆ ಕತ್ತರಿಸಿ, ನಿರ್ಮಾಪಕಿಯ ಕಣ್ಣಲ್ಲಿ ನೀರು ತರಿಸಿದವಳು ನಾನೇ.

ಐದನೆಯ ವಾರ ಚಾನೆಲ್‌ನಿಂದ ಕಾರ್ಯಕ್ರಮ ವಿಭಾಗದ ಮುಖ್ಯಸ್ಥೆ ಬಂದು ಸೋಫಾದಲ್ಲಿ ಕೂತಳು. ತೊಂಬತ್ತು ನಿಮಿಷದ ಕರಡು ನೋಡಿದಳು. ನಮ್ಮ ನಿರೂಪಕರು ಮೂರು ದೇಶಗಳ ಹದಿನಾಲ್ಕು ಬೀದಿಗಳಲ್ಲಿ ನಡೆದರು. ದೀಪ ಹತ್ತಿದಾಗ ಆಕೆ ಹೇಳಿದ್ದು ಒಂದೇ ಮಾತು.

"ಇಷ್ಟೊಂದು ನಡಿಗೆ ಇದೆ, ಒಂದು ಮುಖ ಇಲ್ಲ. ಆ ಗಿರಣಿಯ ಹೆಂಗಸು ಮಾತ್ರ ಮನುಷ್ಯರ ಹಾಗೆ ಕಾಣ್ತಾಳೆ. ಅವಳನ್ನ ಇನ್ನಷ್ಟು ಕೊಡಿ."

ಇನ್ನಷ್ಟು ಹುಡುಕಲು ಮಾರನೆಯ ದಿನ ಪೂರ್ತಿ ಸಂದರ್ಶನವನ್ನು ಮತ್ತೆ ತೆರೆದೆ. ಆಕೆಯ ಉತ್ತರದ ಆರಂಭಕ್ಕೊಂದು ಗುರುತು, ಕೊನೆಗೊಂದು ಗುರುತು ಹಾಕಿದೆ. ಯಂತ್ರ ಲೆಕ್ಕ ತೋರಿಸಿತು: ಎರಡು ನಿಮಿಷ ನಲವತ್ತು ಸೆಕೆಂಡು. ಅನುವಾದ ಎರಡು ಸಾಲು. ಪ್ರಪಂಚದ ಯಾವ ಭಾಷೆಯಲ್ಲೂ ಗೌರವ ಎನ್ನಲು ಅಷ್ಟು ಹೊತ್ತು ಹಿಡಿಯುವುದಿಲ್ಲ. ಪಿಯಾನೊ ಇಲ್ಲದೆ ಬರಿಯ ಮಾತು ಕೇಳಿದೆ. ಆಕೆ ನೆಲಕ್ಕೆ ಬೆರಳು ತೋರಿಸುತ್ತಿದ್ದಾಳೆ. ನಿರೂಪಕರನ್ನು ನೋಡುತ್ತಿಲ್ಲ, ಫಿಕ್ಸರನ ಮುಖವನ್ನೇ ನೋಡುತ್ತಿದ್ದಾಳೆ. ಮಧ್ಯೆ ಮೂರು ಸಲ "ಪಜಾರ್" ಎಂಬಂಥ ಶಬ್ದ ಬಂತು. ಬಜಾರು. ಇಷ್ಟು ಅರ್ಥವಾಗಲು ಬಲ್ಗೇರಿಯನ್ ಬರಬೇಕಿಲ್ಲ. ಅನುವಾದದ ಹಾಳೆಯಲ್ಲಿ ಮಾರುಕಟ್ಟೆಯ ಸುಳಿವೇ ಇರಲಿಲ್ಲ.

ನಿರ್ದೇಶಕನಿಗೆ ತೋರಿಸಿದೆ. "ಬಹುಶಃ ತುಂಬಾ ರಿಪೀಟ್ ಮಾಡ್ತಿದಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿ ಕಾಫಿ ತರಲು ಹೋದ.

ಎಜ್‌ವೇರ್‌ನಲ್ಲಿ ನಮ್ಮ ಮನೆಯಿಂದ ಎರಡು ಬಸ್ ಸ್ಟಾಪಿನಾಚೆ ಒಂದು ಬಲ್ಗೇರಿಯನ್ ಅಂಗಡಿ. ಅಲ್ಲಿಯ ಮೊಸರು ಹೆಪ್ಪಿಗೆ ಬಹಳ ಒಳ್ಳೆಯದು. ಈ ದೇಶದ ಡಬ್ಬಿ ಮೊಸರಿನ ಹಾಗೆ ಲೋಳೆಯಾಗದೆ ನಮ್ಮ ಕಡೆಯ ಗಟ್ಟಿ ಮೊಸರಿನ ಹಾಗೇ ಕೂರುತ್ತದೆ. ಅಂಗಡಿಯಾಕೆ ತನ್ನ ಊರಿನಲ್ಲಿ ರಸಾಯನಶಾಸ್ತ್ರದ ಟೀಚರಾಗಿದ್ದವಳು. ಮೊಸರು ಕೊಳ್ಳುವವರಿಗೆ ಹಾಲು ಎಷ್ಟು ಬಿಸಿಯಿರಬೇಕು ಎಂದು ಬೆರಳೆತ್ತಿ ಪಾಠ ಮಾಡುವುದನ್ನು ಬಿಟ್ಟಿರಲಿಲ್ಲ.

ಚಿತ್ರದ ತುಣುಕನ್ನು ಹೊರಗೊಯ್ಯುವಂತಿಲ್ಲ ಎಂದು ಒಪ್ಪಂದದಲ್ಲಿ ಬರೆದು ಸಹಿ ಹಾಕಿದ್ದೆ. ಆ ದಿನ ಸಂಜೆ ಧ್ವನಿಯನ್ನಷ್ಟೇ ಫೋನಿಗೆ ಇಳಿಸಿಕೊಂಡು ಅವಳ ಅಂಗಡಿಗೆ ಹೋದೆ. ಅವಳು ಇಯರ್‌ಫೋನ್ ಸಿಕ್ಕಿಸಿಕೊಂಡು ಗಲ್ಲಾದ ಹಿಂದೆ ನಿಂತೇ ಕೇಳಿದಳು. ಒಬ್ಬ ಗಿರಾಕಿ ಚೀಸ್ ಹಿಡಿದು ಕಾಯುತ್ತಿದ್ದ; ಕೈಯೆತ್ತಿ ನಿಲ್ಲಿಸಿದಳು. ಮುಗಿಯಿತು. ಮತ್ತೆ ಮೊದಲಿನಿಂದ ಕೇಳಿದಳು.

"ಇದರಲ್ಲಿ ಇಂಗ್ಲಿಷ್ ಮಾತಾಡೋ ಗಂಡಸು ಯಾರು?" ಎಂದು ಕೇಳಿದಳು.

"ನಮ್ಮ ನಿರೂಪಕರು."

"ಹಿಂದೆ ಒಂದು ಸಲ ಹೋಗಿದ್ದರಾ ಅಲ್ಲಿಗೆ?"

"ಇಪ್ಪತ್ತು ವರ್ಷದ ಹಿಂದೆ. ಸಲಹೆಗಾರರಾಗಿ."

"ಹಾಗಾದರೆ ಕೂತ್ಕೊಳ್ಳಿ" ಎಂದಳು. ಚೀಸಿನವನನ್ನು ಕಳಿಸಿ, ಸರಕಿನ ರಸೀದಿಯೊಂದರ ಬೆನ್ನಿಗೆ ಪೆನ್ಸಿಲಿನಲ್ಲಿ ಒಂದೊಂದೇ ವಾಕ್ಯ ನಿಲ್ಲಿಸಿ ನಿಲ್ಲಿಸಿ ಬರೆದಳು. ಅರ್ಧ ಗಂಟೆ ಹಿಡಿಯಿತು. ಆಮೇಲೆ ಓದಿ ಹೇಳಿದಳು. ಗಿರಣಿಯ ಹೆಂಗಸು ಫಿಕ್ಸರನಿಗೆ ಹೇಳಿದ್ದು ಇದು:

"ಇವರು ಆಗಲೂ ಇದೇ ನೆಲದ ಮೇಲೆ ನಿಂತಿದ್ದರು. ಇವರ ಮಾತು ಕೇಳಿಸಲಿ ಅಂತ ನಾವು ಮಗ್ಗಗಳನ್ನು ನಿಲ್ಲಿಸಿದೆವು. ಗಿರಣಿ ಇನ್ನು ನಿಮ್ಮದೇ, ಒಬ್ಬೊಬ್ಬರಿಗೂ ಒಂದೊಂದು ಪಾಲುಪತ್ರ ಬರುತ್ತದೆ ಅಂದರು. ನಾನು ಕೈಯೆತ್ತಿ ಕೇಳಿದೆ, ಪತ್ರ ನಾವಿಟ್ಟುಕೊಳ್ಳುತ್ತೇವೆ, ಗಿರಣಿ ನಡೆಸೋರು ಯಾರು ಅಂತ. ಮಾರುಕಟ್ಟೆ ನಡೆಸುತ್ತದೆ ಅಂದರು. ನಮ್ಮಲ್ಲೊಬ್ಬಳು ಕೇಳಿದಳು, ಈ ಮಾರುಕಟ್ಟೆ ಅನ್ನೋನು ಯಾವ ಊರಿನವನು, ಮದುವೆ ಆಗಿದೆಯಾ ಅಂತ. ನಾವೆಲ್ಲ ನಕ್ಕೆವು. ಇವರೂ ನಕ್ಕರು, ಯಾಕೆ ಅಂತ ಗೊತ್ತಿಲ್ಲದೆ. ಆಮೇಲೆ ಮಾರುಕಟ್ಟೆ ಬಂದ. ಪಕ್ಕದ ಊರಿನವನೇ. ಹಿಂದೆ ಪಾರ್ಟಿಯ ಕಾರ್ಯದರ್ಶಿಯಾಗಿದ್ದವನು. ಮಗ್ಗಗಳನ್ನು ಬಿಚ್ಚಿ ಹನ್ನೊಂದು ಲಾರಿಗೆ ತುಂಬಿ ಗಡಿ ದಾಟಿಸಿದ. ನಾನು ಗೇಟಿನಲ್ಲಿ ನಿಂತು ನೋಡಿದೆ. ಇವರಿಗೆ ಅದು ನೆನಪಿದೆಯಾ ಕೇಳು." ಇಲ್ಲಿ ಆಕೆ ತುಸು ನಿಲ್ಲುತ್ತಾಳೆ. "ನಗ್ತಾ ಇದಾರೆ. ನಾನು ಹೇಳಿದ್ದನ್ನ ನೀನು ಇವರಿಗೆ ಹೇಳೋದಿಲ್ಲ, ಅಲ್ವಾ?"

ಅದಾದ ಮೇಲೆಯೇ ಫಿಕ್ಸರನ ಇಂಗ್ಲಿಷು: ನೀವು ಮತ್ತೆ ಬಂದದ್ದು ನಮಗೆಲ್ಲ ಗೌರವ.

ಅಂಗಡಿಯಾಕೆ ಪೆನ್ಸಿಲ್ ಕೆಳಗಿಟ್ಟಳು. "ಆ ಭಾಷಾಂತರದವನ ಮೇಲೆ ನನಗೆ ಸಿಟ್ಟಿಲ್ಲ" ಎಂದಳು. "ನಮ್ಮ ಕಡೆ ಎಲ್ಲರೂ ಎರಡು ಸಲ ಅದನ್ನೇ ಮಾಡಿದ್ದೇವೆ. ಮೊದಲು ಮಾಸ್ಕೋದಿಂದ ಬಂದವರಿಗೆ, ಆಮೇಲೆ ಇವರಿಗೆ. ನಗೋನು ನಗ್ತಾ ಇರಲಿ ಅಂತ. ಆದರೆ ಇವರು ಇಪ್ಪತ್ತು ವರ್ಷದಲ್ಲಿ ನಾಲ್ಕು ಪದ ಕಲಿಯಬಹುದಿತ್ತು." ಮೊಸರಿನ ಡಬ್ಬಿಯನ್ನು ಕವರಿಗೆ ಹಾಕಿಕೊಟ್ಟು ಬಾಗಿಲವರೆಗೂ ಬಂದಳು.

ಮಾರನೆಯ ದಿನ ಬೆಳಿಗ್ಗೆ ಪೆನ್ಸಿಲಿನ ವಾಕ್ಯಗಳನ್ನು ಉಪಶೀರ್ಷಿಕೆಯಾಗಿ ಟೈಪು ಮಾಡಿ, ಆಕೆಯ ಮಾತಿನ ಕೆಳಗೆ ಕೂರಿಸಿ, ನಿರ್ದೇಶಕನನ್ನು ಕೂರಿಸಿ ಓಡಿಸಿದೆ. ಅವನು ಎರಡು ಸಲ ನೋಡಿದ. ಎರಡನೆಯ ಸಲ ಅವನ ಕಣ್ಣು ಆಕೆಯ ಮೇಲಿರಲಿಲ್ಲ, ನಿರೂಪಕರ ಮೇಲಿತ್ತು. ಆ ಎರಡು ನಿಮಿಷ ನಲವತ್ತು ಸೆಕೆಂಡು ಪೂರ್ತಿ ನಿರೂಪಕರು ಕೈಗಳನ್ನು ಹೊಟ್ಟೆಯ ಮೇಲೆ ಕಟ್ಟಿ, ಮದುವೆಮನೆಯಲ್ಲಿ ಆರತಕ್ಷತೆಗೆ ನಿಂತವರ ಹಾಗೆ ಮುಗುಳ್ನಗುತ್ತಾ ತಲೆದೂಗುತ್ತಿದ್ದಾರೆ.

ಅಷ್ಟರಲ್ಲಿ ನಿರ್ಮಾಪಕಿ ಒಳಬಂದಳು. ಹುಡುಗ ನನ್ನತ್ತ ತಿರುಗಿದ. ಕಷ್ಟ ಬಂದಾಗ ಮಾತ್ರ ಅವನ ಬಾಯಲ್ಲಿ ಅಮ್ಮನ ಭಾಷೆ.

"ಅಕ್ಕ, ಇದನ್ನ್ ಕಂಡ್ರೆ ಇವ್ರ್ ನನ್ನ್ ಕೊಲ್ತ್ರ್. ಈಗ ಎಂತ ಮಾಡುದ್?"

"ಏನಂತೆ ಅವನಿಗೆ?" ಎಂದು ನಿರ್ಮಾಪಕಿ ನನ್ನನ್ನು ಕೇಳಿದಳು.

"ಊಟಕ್ಕೆ ಏನು ತರಿಸೋಣ ಅಂತ ಕೇಳ್ತಿದಾನೆ" ಎಂದೆ.

ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಆ ಮೇಲೆ ಫಿಕ್ಸರನನ್ನು ಹಳಿಯುವ ಹಕ್ಕು ನನಗುಳಿಯಲಿಲ್ಲ. ಐದು ನಿಮಿಷದ ನಂತರ ನಾನೇ ಆಕೆಗೆ ನಿಜ ಹೇಳಿ ಚಿತ್ರ ಓಡಿಸಿದೆ.

ನಿರ್ಮಾಪಕಿ ಪೂರ್ತಿ ನೋಡಿದಳು. ಮುಖದಲ್ಲಿ ಏನೂ ಕಾಣಲಿಲ್ಲ. ಆಮೇಲೆ ಕೇಳಿದ್ದು, "ಇದನ್ನ ಅನುವಾದ ಮಾಡಿದ್ದು ಯಾರು?"

"ಮೊಸರು ಮಾರುವ ಹೆಂಗಸು."

"ನಮ್ಮ ಹತ್ತಿರ ಒಂದು ಅನುವಾದ ಆಗಲೇ ಇದೆ. ಇನ್ನೊಂದು ಬೇಕಾಗಿಲ್ಲ." ಸ್ವಲ್ಪ ಯೋಚಿಸಿ ಮುಂದುವರಿಸಿದಳು. "ಅವಳ ಧ್ವನಿ ತಗ್ಗಿಸಿ. ಮೇಲೆ ಇಂಗ್ಲಿಷ್ ಹೆಣ್ಣುಧ್ವನಿಯಲ್ಲಿ ಗೌರವದ ಸಾಲು ಓದಿಸಿ. ಚಾನೆಲ್‌ನವರು ಕೇಳಿದ್ದು ಅವಳ ಮುಖ ತಾನೆ? ಮುಖ ಇರುತ್ತಲ್ಲ. ಇದು ಅವರ ಪಯಣ, ಅವಳದ್ದಲ್ಲ."

ನಿರ್ದೇಶಕ ತನ್ನ ಶೂ ನೋಡಿಕೊಂಡ. ನಾನು ಆಕೆಯ ಸೂಚನೆಯನ್ನು ಬರೆದುಕೊಂಡೆ. ಇಂಥ ಕೊಠಡಿಗಳಲ್ಲಿ ನ್ಯಾಯದ ಮಾತು ಆಡಿದರೆ "ಆಕೆ ಸ್ವಲ್ಪ ಭಾವುಕಳು" ಎಂಬ ಹೆಸರು ಬೆಳಗಾಗುವುದರೊಳಗೆ ಊರೆಲ್ಲ ಹರಡುತ್ತದೆ, ಮುಂದಿನ ಕೆಲಸಕ್ಕೆ ಫೋನ್ ಬರುವುದಿಲ್ಲ. ಗುತ್ತಿಗೆಯ ಮೇಲೆ ದುಡಿಯುವ ನಮಗೆ ಹೆಸರೇ ಬಂಡವಾಳ. ಆದರೆ ಈ ಕಸುಬಿನಲ್ಲಿ ನ್ಯಾಯಕ್ಕಿಂತ ಬಲವಾದದ್ದು ಇನ್ನೊಂದಿದೆ: ಫಾರಂ.

ಚಿತ್ರದ ಜೊತೆ ಚಾನೆಲ್‌ಗೆ ಒಂದು ಕಡತ ಹೋಗಬೇಕು. ಅದರಲ್ಲಿ ಬೇರೆ ಭಾಷೆಯಲ್ಲಿ ಮಾತಾಡಿದ ಪ್ರತಿಯೊಬ್ಬರ ಹೆಸರು, ಮಾತಿನ ಅವಧಿ, ಅನುವಾದ ಮಾಡಿದ್ದು ಯಾರು, ಸರಿಯಿದೆಯೇ ಎಂಬ ಕಾಲಮ್‌ಗಳಿರುತ್ತವೆ. ಯಾರೂ ಓದದ ಈ ಹಾಳೆಯನ್ನು ತುಂಬಿ ಸಹಿ ಹಾಕುವುದು ಸಂಕಲನಕಾರರ ಪಾಲಿನ ಜೀತ. ಆ ದಿನ ಅದನ್ನು ಶ್ರದ್ಧೆಯಿಂದ ತುಂಬಿದೆ. ಮೂವತ್ತೊಂದು ಹೆಸರುಗಳ ಮುಂದೆ "ಸರಿಯಿದೆ." ಗಿರಣಿಯ ಹೆಂಗಸಿನ ಮುಂದೆ: "ಮಾತು ಎರಡು ನಿಮಿಷ ನಲವತ್ತು ಸೆಕೆಂಡು, ಅನುವಾದ ಎರಡು ಸಾಲು. ಹೊಂದುವುದಿಲ್ಲ. ಬೇರೆ ಅನುವಾದಕರಿಂದ ಪರಿಶೀಲಿಸಬೇಕು." ಕಳಿಸಬೇಕಾದ ದಿನಕ್ಕಿಂತ ಎರಡು ವಾರ ಮೊದಲೇ ಚಾನೆಲ್‌ನ ವಕೀಲರಿಗೆ ಕಳಿಸಿ, ನಿರ್ಮಾಪಕಿಗೆ ಒಂದು ಪ್ರತಿ ಹಾಕಿದೆ. ಧೈರ್ಯ ಬಂದು ಕಳಿಸಿದ್ದಲ್ಲ. ಆ ಹೆಂಗಸಿನ ಬಾಯಿಗೆ ಬೇರೊಬ್ಬಳ ಇಂಗ್ಲಿಷ್ ತುರುಕುವ ಕೆಲಸ ನನ್ನ ಕೈಯಿಂದಲೇ ಆಗಬೇಕಿತ್ತು, ಅದು ಹೇಸಿಗೆಯೆನಿಸಿತು.

ಸಂಜೆಯೊಳಗೆ ನಿರ್ಮಾಪಕಿ ಕೆಳಗಿಳಿದು ಬಂದಳು. "ನನಗೊಂದು ಮಾತು ಹೇಳಬಹುದಿತ್ತು" ಎಂದಳು.

"ಹೇಳಿದೆನಲ್ಲ."

"ನೀವು ಎಷ್ಟು ವರ್ಷದಿಂದ ಈ ಕೆಲಸ ಮಾಡ್ತಿದೀರಿ?"

"ಫಾರಂ ಓದೋದು ಬಿಡುವಷ್ಟು ಹಳಬಳಾಗಿಲ್ಲ" ಎಂದೆ. ಆ ಮೇಲೆ ಆಕೆ ನನ್ನ ಜೊತೆ ಮಾತಾಡಿದ್ದೆಲ್ಲ ನಿರ್ದೇಶಕನ ಮೂಲಕ, ನಾನು ಅದೇ ಕೋಣೆಯಲ್ಲಿದ್ದರೂ.

ಚಾನೆಲ್‌ನ ವಕೀಲ ಒಬ್ಬ ಒಣಕಲು ಮನುಷ್ಯ. ಅವನಿಗೆ ಬಲ್ಗೇರಿಯವೂ ಬೇಡ, ಗಿರಣಿಯೂ ಬೇಡ. ಪ್ರಸಾರ ನಿಯಂತ್ರಕರ ನೋಟಿಸು ಬಾರದಿದ್ದರೆ ಸಾಕು. ಪೂರ್ತಿ ಹೆದರಿಕೆಯಿಂದಲೇ ಅವನು ಸರಿಯಾದ ಕೆಲಸ ಮಾಡಿದ: ಧ್ವನಿಯನ್ನು ಒಂದು ಅನುವಾದ ಸಂಸ್ಥೆಗೆ ಕಳಿಸಿದ. ವಾರದಲ್ಲಿ ಮೊಹರು ಹಾಕಿದ ಪ್ರತಿ ಬಂತು. ಮೊಸರಿನವಳದಕ್ಕೂ ಅದಕ್ಕೂ ಒಂದೇ ವ್ಯತ್ಯಾಸ. ಅವಳು "ಮದುವೆ ಆಗಿದೆಯಾ" ಎಂದು ಬರೆದದ್ದನ್ನು ಅವರು "ವೈವಾಹಿಕ ಸ್ಥಿತಿ" ಎಂದು ಬರೆದಿದ್ದರು. ಕಾರ್ಯಕ್ರಮ ಮುಖ್ಯಸ್ಥೆ ಓದಿ ನಕ್ಕು, ಇಡೀ ಚಿತ್ರದಲ್ಲಿ ಎಚ್ಚರವಾಗಿರುವ ಭಾಗ ಇದೊಂದೇ, ಪೂರ್ತಿ ಇರಲಿ ಎಂದಳಂತೆ. ವಕೀಲ ಒಂದು ಷರತ್ತು ಸೇರಿಸಿದ: ನಿರೂಪಕರ ಮೇಲೆ ನೇರ ಮಾತು ಬಂದಿರುವುದರಿಂದ ಅವರಿಗೆ ಉತ್ತರಿಸುವ ಅವಕಾಶ ಕೊಡಬೇಕು.

ಹಾಗಾಗಿ ನಿರೂಪಕರು ನೆಲಮಾಳಿಗೆಗೆ ಬಂದರು. ಸೋಫಾದಲ್ಲಿ ಕೂತರು. ಓಡಿಸಿದೆ. ತನ್ನ ನಗುವನ್ನು ತಾನೇ ಎರಡು ನಿಮಿಷ ನಲವತ್ತು ಸೆಕೆಂಡು ನೋಡಿದ ಮನುಷ್ಯ ಏನು ಹೇಳಬಹುದೆಂದು ನಾನು ಬೆಳಗಿನಿಂದ ಯೋಚಿಸಿದ್ದೆ. ಕ್ಷಮೆ ಕೇಳಬಹುದು, ಸಿಟ್ಟಾಗಬಹುದು, ನೆನಪಿಲ್ಲ ಎನ್ನಬಹುದು.

"ನಾನು ಆಗ ಅಲ್ಲಿಗೆ ಹೋಗಿದ್ದು ಬೇಸಿಗೆಯಲ್ಲಿ" ಎಂದರು. "ಆಕೆ ಅದನ್ನ ಹೇಳೇ ಇಲ್ಲ."

ಪರದೆಯತ್ತ ಬೆರಳು ತೋರಿಸಿ ಅವರೇ ಮುಂದುವರಿಸಿದರು.

"ಈ ನಗು ಸರಿ ಕಾಣ್ತಿಲ್ಲ. ಇದರ ಜಾಗಕ್ಕೆ ಗಂಭೀರವಾಗಿರೋದನ್ನ ಹಾಕಬಹುದಲ್ಲ? ಲಾಟ್ವಿಯಾದಲ್ಲಿ ಸ್ಮಶಾನದ ಹತ್ತಿರ ತೆಗೆದದ್ದು ಚೆನ್ನಾಗಿತ್ತು."

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಪೋಲೆಂಡಿನ ಪ್ರಾಧ್ಯಾಪಕರೊಬ್ಬರ ಮುಂದೆ ಅವರು ಆಕಳಿಸಿದಾಗ ಆ ಸ್ಮಶಾನದ ಮುಖವನ್ನೇ ತಂದು ಅಂಟಿಸಿದ್ದೆ. ಅಂಥದ್ದು ಒಟ್ಟು ನಾಲ್ಕು ಸಲ ಮಾಡಿದ್ದೆ.

"ಅಲ್ಲಿ ನಿಮ್ಮ ಸ್ವೆಟರ್ ಬೇರೆ" ಎಂದೆ. "ಜನ ಗುರುತಿಸ್ತಾರೆ."

ಅವರ ಉತ್ತರವನ್ನು ಅಲ್ಲಿಯೇ ಮೇಲಿನ ಮಹಡಿಯಲ್ಲಿ ಚಿತ್ರೀಕರಿಸಿದರು. ಹಿನ್ನೆಲೆಯಲ್ಲಿ ಪುಸ್ತಕದ ಕಪಾಟು ಬೇಕೆಂದರು. ಕಚೇರಿಯಲ್ಲಿದ್ದದ್ದು ಅಡುಗೆ ಪುಸ್ತಕಗಳು. ಹೆಸರು ಕಾಣದಂತೆ ಫೋಕಸ್ ಮಸುಕು ಮಾಡಿದರು. ಅವರು ಅದೇ ದಿನ ವಿಮಾನ ಹಿಡಿಯಬೇಕಿತ್ತು, ಇನ್ನಾವುದೋ ದೇಶ ಸಲಹೆಗೆ ಕಾಯುತ್ತಿತ್ತು. ಹೀಗಾಗಿ ಒಂದೇ ಟೇಕ್.

ಅದನ್ನು ನನ್ನ ಯಂತ್ರಕ್ಕೆ ಇಳಿಸಿಕೊಂಡು ನೋಡಿದೆ.

"ಆಕೆಯ ಬಗ್ಗೆ ನನಗೆ ತುಂಬಾ ಸಹಾನುಭೂತಿ ಇದೆ" ಎಂದು ಶುರುವಾಯಿತು. "ಆದರೂ ನಾವು ಮಾಡಿದ್ದು ಸರಿ. ಅದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು, ಆಗ ಬೇರೆ ದಾರಿ ಯಾರಿಗೂ ಗೊತ್ತಿರಲಿಲ್ಲ. ಎರಡನೆಯದು, ಪಾಲುಪತ್ರ ಎಲ್ಲರಿಗೂ ಸಮಾನವಾಗಿ ಹಂಚಲಾಗಿತ್ತು. ಮೂರನೆಯದು…" ಗದ್ದ ಮೇಲೆ ಹೋಯಿತು. ಹನ್ನೊಂದು ಸೆಕೆಂಡು. ಅಡುಗೆ ಪುಸ್ತಕಗಳ ಮುಂದೆ ಹನ್ನೊಂದು ಸೆಕೆಂಡು ಬಹಳ ದೀರ್ಘ. ಕೈಗಡಿಯಾರ ನೋಡಿಕೊಂಡರು. ತುಟಿ ಒದ್ದೆ ಮಾಡಿಕೊಂಡರು. ಆಮೇಲೆ ಹೊಳೆಯಿತು. "ಮೂರನೆಯದು, ಆಕೆಯನ್ನೇ ನೋಡಿ. ಒಳ್ಳೆಯ ಬೆಚ್ಚನೆ ಕೋಟು ಹಾಕಿಕೊಂಡಿದ್ದಾರೆ. ಆ ಕಾಲದಲ್ಲಿ ಅಂಥ ಕೋಟು ಆ ಊರಿನಲ್ಲಿ ಸಿಗುತ್ತಿರಲಿಲ್ಲ."

ನಾನು ಯಂತ್ರ ನಿಲ್ಲಿಸಿ ಮೇಲೆ ಹೋಗಿ ಒಂದು ಲೋಟ ನೀರು ಕುಡಿದು ಬಂದೆ.

ಮಾಮೂಲಿನಂತಾದರೆ ಏನು ಮಾಡಬೇಕೆಂದು ಕೈಗೆ ಗೊತ್ತಿತ್ತು. ಹನ್ನೊಂದು ಸೆಕೆಂಡು ತೆಗೆ. ಗಡಿಯಾರ ತೆಗೆ. ಮೇಲೊಂದು ಟ್ರಾಮ್. ಕೋಟಿನ ಮಾತನ್ನೂ ಅವರ ಒಳ್ಳೆಯದಕ್ಕೇ ತೆಗೆದುಬಿಡು. ಇಷ್ಟು ವಾರ ಈ ಮನುಷ್ಯನಿಗೆ ಇಂಥ ಉಪಕಾರವನ್ನು ದಿನಕ್ಕೆ ಹತ್ತು ಸಲ ಮಾಡಿದ್ದೆ, ಅವರಿಗೆ ಅದು ತಿಳಿಯದ ಹಾಗೆ. ಈ ಸಲ ಕೀಲಿಮಣೆಯಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಆರಂಭಕ್ಕೊಂದು ಗುರುತು, ಕೊನೆಗೊಂದು ಗುರುತು. ನಡುವೆ ಒಂದು ಚೌಕಟ್ಟನ್ನೂ ಮುಟ್ಟಲಿಲ್ಲ. ಅವರು ಹೇಳಿದ್ದು ಅವರು ಹೇಳಿದಂತೆಯೇ.

ಅದರ ಕೊನೆಗೆ ನಾಲ್ಕು ಸೆಕೆಂಡಿನ ಒಂದು ಶಾಟ್ ಸೇರಿಸಿದೆ. ಕ್ಲ್ಯಾಪ್‌ಗೆ ಮೊದಲಿನದು. ತೆಳು ಸ್ವೆಟರಿನ ಹೆಂಗಸು, ಕೊರಳಿಗೆ ಹೆಡ್‌ಫೋನ್ ನೇತುಬಿದ್ದ ಒಬ್ಬ ಮನುಷ್ಯ, ತನ್ನ ಕೋಟು ಬಿಚ್ಚಿ ಆಕೆಯ ಹೆಗಲಿಗೆ ಹೊದಿಸುತ್ತಿರುವುದು. ಸಂಗೀತವಿಲ್ಲ.

ನಿರ್ದೇಶಕನಿಗೆ ತೋರಿಸಿದೆ. ಈ ಹತ್ತು ವಾರದಲ್ಲಿ ಮೊದಲ ಸಲ ಯಾರನ್ನೂ ಕೇಳದೆ ಒಂದು ತೀರ್ಮಾನ ತೆಗೆದುಕೊಂಡ.

"ಇರ್ಲಿ ಅಕ್ಕ" ಎಂದ. "ಇದ್ ನನ್ ಪಿಕ್ಚರ್ ಅಲ್ದಾ? ಕೇಳಿರೆ ನಾನ್ ಹೇಳ್ತೆ."

ಕೊನೆಯ ವೀಕ್ಷಣೆಯ ದಿನ ಅವನು ಹೇಳಿಯೂ ಹೇಳಿದ. ನಿರ್ಮಾಪಕಿ ಕೋಟಿನ ಶಾಟ್ ಬಂದಾಗ, ಇದು ಯಾಕೆ ಎಂದಳು. ಹುಡುಗ ಕೂತಲ್ಲೇ ನೆಟ್ಟಗಾಗಿ, "ಅದು ನನಗೆ ಬೇಕು" ಎಂದ, ಇಂಗ್ಲಿಷಿನಲ್ಲಿ. ಆಕೆ ವಕೀಲನ ಕಡೆ ನೋಡಿದಳು. ಕೋಟು ಹೊದಿಸುವುದರಲ್ಲಿ ಕಾನೂನಿನ ತೊಡಕು ವಕೀಲನಿಗೆ ಕಾಣಲಿಲ್ಲ. ಚಿತ್ರ ಅಲ್ಲಿಗೆ ಮುಗಿಯಿತೆಂದು ಎಲ್ಲರೂ ಸಹಿ ಹಾಕಿದರು. ಇನ್ನು ಯಾರೂ ಒಂದು ಚೌಕಟ್ಟನ್ನೂ ಅಲುಗಿಸುವಂತಿಲ್ಲ.

ಪ್ರಸಾರವಾಯಿತು. ದೇಶವೇನೂ ಅಲುಗಲಿಲ್ಲ. ಒಂದು ಪತ್ರಿಕೆ ಎರಡು ಸಾಲು ಬರೆಯಿತು, ಅದರಲ್ಲಿ ಒಂದು ಸಾಲು ಕೋಟಿನ ಬಗ್ಗೆ. ಮೊಸರು ತರಲು ಹೋದಾಗ ಅಂಗಡಿಯಾಕೆ, ತಾನು ನೋಡಿದೆನೆಂದೂ, ನಿರೂಪಕರು ನಾಲ್ಕು ಪದ ಇನ್ನೂ ಕಲಿತಿಲ್ಲವೆಂದೂ ಹೇಳಿದಳು. ಗಿರಣಿಯ ಹೆಂಗಸಿಗೆ ನಿರ್ದೇಶಕ ಒಂದು ಪ್ರತಿ ಕಳಿಸಿದ. ಅದು ತಲುಪಿತೋ ಇಲ್ಲವೋ ತಿಳಿಯಲಿಲ್ಲ. ನಾವು ಆಕೆಗೆ ಮಾಡಿದ ಉಪಕಾರ ಒಂದೇ, ಆಕೆ ಆಡಿದ ಮಾತನ್ನು ಆಕೆ ಆಡಿದಳೆಂದು ಒಪ್ಪಿಕೊಂಡದ್ದು. ಅದಕ್ಕೂ ಹತ್ತು ವಾರ ಹಿಡಿದಿತ್ತು.

ವಾರದ ನಂತರ ನಿರೂಪಕರ ಫೋನ್ ಬಂತು. ವಿಮಾನ ನಿಲ್ದಾಣದಿಂದಲೇ ಇರಬೇಕು, ಹಿಂದೆ ಘೋಷಣೆಗಳು ಕೇಳಿಸುತ್ತಿದ್ದವು. ಬೈಗುಳಕ್ಕೆ ತಯಾರಾಗಿ ಎತ್ತಿದೆ.

"ನಾನು ನಿಮಗೆ ಥ್ಯಾಂಕ್ಸ್ ಹೇಳಲೇಬೇಕು" ಎಂದರು. "ಆ ಕೊನೆಯ ಉತ್ತರ ಇದೆಯಲ್ಲ, ಇಡೀ ಚಿತ್ರದಲ್ಲಿ ಅದೇ ಅತ್ಯುತ್ತಮ. ನೀವು ನನಗೆ ಯೋಚಿಸೋಕೆ ಜಾಗ ಬಿಟ್ಟಿದ್ದೀರಿ. ಬೇರೆ ಸಂಕಲನಕಾರರು ಯಾವಾಗಲೂ ನನ್ನನ್ನ ಕತ್ತರಿಸಿಬಿಡ್ತಾರೆ."

"ನಾನೇನೂ ಮಾಡಲಿಲ್ಲ" ಎಂದೆ. ಅವರು ಅದನ್ನು ವಿನಯವೆಂದುಕೊಂಡರು.

"ಮುಂದಿನದು ಮಧ್ಯ ಏಷ್ಯಾದ ಬಗ್ಗೆ. ನಿಮ್ಮನ್ನೇ ಕೇಳಿದ್ದೇನೆ."

"ಆಗಲ್ಲ" ಎಂದೆ. "ಬೇರೆ ಕೆ‌ಲಸ ಒಪ್ಪಿಕೊಂಡಿದೀನಿ."

"ಯಾವುದು?"

"ಕೆಂಟನ್ನಿನಲ್ಲಿ ಒಂದು ಮದುವೆ ವೀಡಿಯೊ."

ತಮಾಷೆಯೆಂದುಕೊಂಡು ಜೋರಾಗಿ ನಕ್ಕರು. ನಿಜವೇ ಆಗಿತ್ತು. ನಿರ್ದೇಶಕನ ಒಡಹುಟ್ಟಿದ ಅಕ್ಕನ ಮದುವೆ. ಹಿಂದಿನ ದಿನವಷ್ಟೇ ಅವನ ತಂದೆ ನಮ್ಮ ಮನೆಗೆ ಬಂದು ಡ್ರೈವ್ ಕೊಟ್ಟು, ಕಾಫಿ ಕುಡಿದು, ಹೊರಡುವಾಗ ಬಾಗಿಲಲ್ಲಿ ನಿಂತು ವೀಡಿಯೊ ಹೇಗಿರಬೇಕೆಂದು ಹೇಳಿದ್ದರು: "ಎಂತ ಇಲ್ಲ ಅಮ್ಮ, ಎಲ್ರೂ ಚಂದ ಕಾಣ್ಕ್, ಅಷ್ಟೇ. ಸುಳ್ಳಾದ್ರೂ ಅಡ್ಡಿಲ್ಲ."

ಆ ಚಳಿಗಾಲದಲ್ಲಿ ನನಗೆ ಯಾರೂ ಕೆಲಸವನ್ನು ಅಷ್ಟು ನೇರವಾಗಿ ಹೇಳಿರಲಿಲ್ಲ.